ಕುಲ್ಮಾಷವೂ ನೀರೂ

ಘಾಟ್ಕೋಪರಿನ ಪಶ್ಚಿಮ ಭಾಗದಲ್ಲಿ, ಅಸಲ್ಫಾ ಗುಡ್ಡದ ಬುಡದಲ್ಲಿ, ಕುಂದಾಪುರದ ಕಡೆಯಿಂದ ಎಳೆಯ ವಯಸ್ಸಿನಲ್ಲಿಯೇ ಬಂದು, ಹಗಲು ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಕಡೆಗೆ ತನ್ನದೇ ಆದ ಏಳು ಮೇಜುಗಳ ಒಂದು ಹೋಟೆಲನ್ನು ತೆರೆದ ಗೃಹಸ್ಥರೊಬ್ಬರು ನನಗೆ ಬಹುಕಾಲದ ಪರಿಚಿತರು. 2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾದ ಕಾರಣ ಅಂಗಡಿ ಮುಚ್ಚಬೇಕೆಂಬ ಆಜ್ಞೆ ಬಂದ ಸಂಜೆ ಅವರ ಅಡಿಗೆಮನೆಯಲ್ಲಿ ಮರುದಿನದ ಇಡ್ಲಿ ದೋಸೆಗಳಿಗಾಗಿ ಉದ್ದು ಆಗಲೇ ನೆನೆದಿತ್ತು. ಯಾರು ತಿನ್ನುವರೆಂದು ವಿಚಾರಿಸದೆ ಅಡಿಗೆಯ ಭಟ್ಟರು ರೂಢಿಯಂತೆ ಅದನ್ನು ಗ್ರೈಂಡರಿಗೆ ಹಾಕಿ ರುಬ್ಬಿದರು. ಮುಂಬಯಿಯ ಸೆಖೆಗೆ ಹಿಟ್ಟು ಹುದುಗೆದ್ದು, ಪಾತ್ರೆಯ ಮುಚ್ಚಳವನ್ನು ಎತ್ತಿ, ಅಂಚಿನಿಂದಿಳಿದು, ಕಡಪದ ಕಲ್ಲಿನ ಮೇಲೆ ಹರಿದು ಒಣಗಿತು. ಆ ಬಿಳಿಯ ಕಲೆಯನ್ನು ಅವರು ತಿಂಗಳುಗಟ್ಟಲೆ ತೊಳೆಸಲಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಊರಿನವರ ಸಂಘವೊಂದರಿಂದ ಅಕ್ಕಿ, ಬೇಳೆ, ಎಣ್ಣೆಗಳ ಒಂದು ಚೀಲ ಅವರ ಮನೆಬಾಗಿಲಿಗೆ ಬಂದಿತು. ಹೋಟೆಲಿನ ಮಾಳಿಗೆಯಲ್ಲಿ ಏಳು ಮಂದಿ ಹುಡುಗರು ಉಳಿದುಕೊಂಡಿದ್ದರು, ಮನೆಯಲ್ಲಿ ನಾಲ್ವರು. ಅವಶ್ಯಕತೆ ಇರಲಿಲ್ಲವೆನ್ನುವಂತಿಲ್ಲ. ಆದರೂ ಅವರು ಅದನ್ನು ಮುಟ್ಟಲಾರದೆ ನನಗೆ ಫೋನು ಮಾಡಿದರು. “ಮಾಷ್ಟ್ರೇ, ನಾನು ಮೂವತ್ತು ವರ್ಷ ಜನಕ್ಕೆ ಬಡಿಸಿದವ. ಕೆಲಸ ಮಾಡದೆ ಉಣ್ಣುವುದು ಪಾಪ ಎಂದು ಅಮ್ಮ ಹೇಳಿಕೊಟ್ಟಿದ್ದರು. ಇದನ್ನು ತೆಗೆದುಕೊಳ್ಳಬಹುದಾ?” ಆ ಕ್ಷಣಕ್ಕೆ ನಾನು ತೆಗೆದುಕೊಳ್ಳಿ ಎಂದುಬಿಟ್ಟೆ, ಕಾರಣವನ್ನು ಹೇಳಲಿಲ್ಲ. ಕಾರಣ ನನಗೂ ಆಗ ಸ್ಪಷ್ಟವಾಗಿರಲಿಲ್ಲ.

ಅವರ ಸಂಕೋಚ ಕ್ಷುಲ್ಲಕವಾದುದಲ್ಲ. ಕಾಯಕವನ್ನು ಪೂಜೆಯ ಮಟ್ಟಕ್ಕೇರಿಸಿದ ನಾಡು ನಮ್ಮದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಆ ಹೆಚ್ಚಳವನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಅವನನ್ನು ಅಟ್ಟಿದ ಮಡದಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳಿ ಬೆಳೆದ ಮನಸ್ಸಿಗೆ, ದುಡಿಮೆಯಿಂದ ಬಾರದ ಹಿಡಿ ಅಕ್ಕಿಯೂ ಭಾರವಾಗಿಯೇ ತೋರುವುದು ಸಹಜ. ಆದರೆ ಲಕ್ಕಮ್ಮನಿಗೆ ಒಂದು ಭಾಗ್ಯವಿತ್ತು: ಮರುದಿನವೂ ಆ ಅಂಗಳ ತೆರೆದಿರುತ್ತಿತ್ತು. ಅಂಗಳವನ್ನೇ ಮುಚ್ಚಿಸಿದಾಗ ಕಾಯಕನಿಷ್ಠನಾದವನು ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಆ ಕಥೆಯಲ್ಲಿ ಎಡೆಯಿಲ್ಲ.

ಎಡೆಯಿರುವುದು ಛಾಂದೋಗ್ಯೋಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ. ಕುರುದೇಶದ ಪೈರೆಲ್ಲ ಹಾಳಾದ ಕಾಲ. ಆಲಿಕಲ್ಲಿನಿಂದ ಎಂದು ಕೆಲವರೂ ಮಿಡತೆಯಿಂದ ಎಂದು ಕೆಲವರೂ ಅರ್ಥ ಹೇಳುತ್ತಾರೆ. ಉಷಸ್ತಿ ಚಾಕ್ರಾಯಣನೆಂಬ ಋತ್ವಿಜ, ಯಜ್ಞ ನಡೆದ ಕಡೆ ಹೋಗಿ ದಕ್ಷಿಣೆಯಿಂದ ಜೀವಿಸತಕ್ಕವನು, ಇಂದಿನ ಮಾತಿನಲ್ಲಿ ಹೇಳುವುದಾದರೆ ಮಾಸಿಕ ಸಂಬಳವಿಲ್ಲದ ಸ್ವಯಂ ಉದ್ಯೋಗಿ, ಹೆಂಡತಿಯೊಡನೆ ಆನೆಗಾರರ ಹಳ್ಳಿಯಲ್ಲಿ ದೀನನಾಗಿ ಬಿದ್ದುಕೊಂಡಿದ್ದ. ಆನೆಗಾರನೊಬ್ಬ ಕುಲ್ಮಾಷವನ್ನು, ಅಂದರೆ ಕೀಳುತರದ ಉದ್ದನ್ನು, ತಿನ್ನುತ್ತಿದ್ದುದನ್ನು ಕಂಡು ಯಾಚಿಸಿದ. ತನ್ನ ಮುಂದಿರುವ ಈ ಎಂಜಲಿನ ಹೊರತು ಬೇರೆ ಇಲ್ಲವೆಂದು ಆತ ಹೇಳಿದಾಗ, ಅದನ್ನೇ ಕೊಡು ಎಂದು ಪಡೆದು ತಿಂದ. ಬಳಿಕ ಆನೆಗಾರ ಕುಡಿಯಲು ನೀರನ್ನು ಮುಂದೆ ಹಿಡಿದರೆ, ಅದು ನಿನ್ನ ಎಂಜಲು, ಬೇಡ ಎಂದ. ಉದ್ದು ಎಂಜಲಾಗಿರಲಿಲ್ಲವೇ ಎಂದು ಕೇಳಿದಾಗ ಉಷಸ್ತಿ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಅದಿಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರು ನನಗೆ ಬೇಕಾದಲ್ಲಿ ಸಿಕ್ಕುತ್ತದೆ.

ಆಪದ್ಧರ್ಮದ ಮೇಲೆ ಮಹಾಭಾರತದ ಶಾಂತಿಪರ್ವದಲ್ಲಿ ದೀರ್ಘವಾದ ಚರ್ಚೆಯಿದೆಯಾದರೂ, ಇಷ್ಟು ಸೂಕ್ಷ್ಮವಾಗಿ ಗೆರೆಯೆಳೆದ ದೃಷ್ಟಾಂತ ನನಗೆ ಬೇರೆ ಕಡೆ ಕಂಡಿಲ್ಲ. ಸ್ವೀಕರಿಸುವುದರಲ್ಲಿ ದೋಷವಿಲ್ಲ, ಪ್ರಾಣಧಾರಣೆಗೆ ಸಾಲುವಷ್ಟರ ಆಚೆಗೆ ಕೈಚಾಚುವುದರಲ್ಲಿ ದೋಷವಿದೆ. ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ಉಳಿದುದನ್ನು ಆತ ಹೆಂಡತಿಗೆ ತಂದುಕೊಟ್ಟ; ಆಕೆಗೆ ಆಗಲೇ ಭಿಕ್ಷೆ ದೊರೆತಿದ್ದುದರಿಂದ ತೆಗೆದಿಟ್ಟಳು; ಮರುದಿನ ಬೆಳಗ್ಗೆ ಆ ತಂಗಳನ್ನು ತಿಂದು ಶಕ್ತಿ ತಂದುಕೊಂಡು ಆತ ರಾಜನ ಯಜ್ಞಶಾಲೆಗೆ ಹೋಗಿ, ಕೆಲಸ ಪಡೆದು, ಉಳಿದ ಋತ್ವಿಜರಿಗೆ ಕೊಡುವಷ್ಟೇ ಧನವನ್ನು ತನಗೂ ಕೊಡಬೇಕೆಂದು ಕೇಳಿದ. ಹಿಂದಿನ ದಿನ ಎಂಜಲುಂಡವನು ಮರುದಿನ ತನ್ನ ವಿದ್ಯೆಯ ಬೆಲೆಯಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಿಕೊಳ್ಳಲಿಲ್ಲ.

ಆದರೆ ಉಷಸ್ತಿಯ ಊರಿಗೂ ಘಾಟ್ಕೋಪರಿಗೂ ಒಂದು ಭೇದವುಂಟು. ಆಲಿಕಲ್ಲನ್ನು ಯಾರೂ ಆಜ್ಞಾಪಿಸಿ ಸುರಿಸಿದ್ದಲ್ಲ. ನನ್ನ ಸ್ನೇಹಿತರ ಶಟರನ್ನು ಇಳಿಸಿದ್ದು ಪ್ರಭುತ್ವ. 1896ರ ಮುಂಬಯಿ ಪ್ಲೇಗಿನ ಬೆನ್ನಿಗೆ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲವೂ ಆ ಆಜ್ಞೆಗಳ ಹಿಂದಿತ್ತು. ಆಜ್ಞೆ ತಪ್ಪೆಂದು ನಾನು ಹೇಳಲಾರೆ. ರಾಜಾವಾಡಿ ಆಸ್ಪತ್ರೆಯ ಮುಂದಿನ ಆ ದಿನಗಳನ್ನು ನೋಡಿದವರಾರೂ ಹೇಳಲಾರರು. ಹೋಟೆಲು ಮುಚ್ಚಿದ್ದರಿಂದ ಎಷ್ಟೋ ಜೀವಗಳು ಉಳಿದಿರಬೇಕು. ಹಾಗಿದ್ದರೆ ಅವರು ಮುಚ್ಚಿ ಕುಳಿತದ್ದೇ ಊರಿಗೆ ಸಲ್ಲಿಸಿದ ಒಂದು ಸೇವೆ, ಒಂದು ಕಾಯಕ. ಆ ಕಾಯಕಕ್ಕೆ ಪ್ರತಿಯಾಗಿ ಬರುವುದು ದಾನವೆಂದು ಹೇಗೆ ಕರೆಸಿಕೊಂಡೀತು? ಅದು ಋಣ, ಊರು ಅವರಿಗೆ ತೀರಿಸಬೇಕಾದ ಋಣ. ನಮ್ಮ ಸಂವಿಧಾನದ 41ನೆಯ ಅನುಚ್ಛೇದ ನಿರುದ್ಯೋಗ, ವಾರ್ಧಕ್ಯ, ರೋಗಗಳೊಡನೆ, ತನ್ನ ತಪ್ಪಿಲ್ಲದೆ ಒದಗಿದ ಕೊರತೆಯಲ್ಲಿಯೂ ಪ್ರಜೆಗೆ ಸಾರ್ವಜನಿಕ ನೆರವಿನ ಹಕ್ಕನ್ನು ಹೇಳುತ್ತದೆ. ವ್ಯಾಪಾರಿಯ ನಷ್ಟವೆಲ್ಲ ಅವನವನ ಕರ್ಮಫಲವೆಂದು ಕೈತೊಳೆದುಕೊಳ್ಳುವ ಸುಲಭದ ವೇದಾಂತಕ್ಕೆ ಆ ಅನುಚ್ಛೇದವೇ ಉತ್ತರ.

ಋಣವನ್ನು ತೀರಿಸಿದ ಬಗೆಯಾದರೂ ಎಂತಹುದು? 2020ರ ಮಾರ್ಚ್ 26ರಂದು ಕೇಂದ್ರ ಸರಕಾರ ಘೋಷಿಸಿದ ಗರೀಬ್ ಕಲ್ಯಾಣ ಯೋಜನೆಯಲ್ಲಿ ಒಂದು ನಿಜವಾದ ಔದಾರ್ಯವಿತ್ತು: ನೂರರವರೆಗೆ ನೌಕರರಿದ್ದು ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಹದಿನೈದು ಸಾವಿರಕ್ಕಿಂತ ಕಡಿಮೆ ಸಂಬಳ ಪಡೆಯುತ್ತಿದ್ದ ಸಂಸ್ಥೆಗಳಲ್ಲಿ, ಆ ಕಡಿಮೆ ಸಂಬಳದವರ ಭವಿಷ್ಯನಿಧಿಗೆ ಧಣಿಯ ಪಾಲು 12, ನೌಕರನ ಪಾಲು 12, ಒಟ್ಟು ಶೇಕಡ 24ನ್ನು ಸರಕಾರವೇ ಭರಿಸಿತು, ಮೊದಲು ಮೂರು ತಿಂಗಳು, ಮತ್ತೆ ಮೂರು ತಿಂಗಳು. ಇಬ್ಬರ ಹೊರೆಯೂ ಇಳಿಯಿತು, ನೌಕರನ ಮುಪ್ಪಿನ ಗಂಟು ಕರಗಲಿಲ್ಲ. ಮೇ ತಿಂಗಳಲ್ಲಿ ಇತರ ಸಂಸ್ಥೆಗಳಿಗೆ ಈ 12ನ್ನು ಮೂರು ತಿಂಗಳ ಮಟ್ಟಿಗೆ 10ಕ್ಕೆ ಇಳಿಸಿದ್ದು ಹಾಗಲ್ಲ. ಅಲ್ಲಿ ಧಣಿಗೆ ಹಗುರಾದದ್ದು ನೌಕರನ ನಾಳೆಯಿಂದ ಕಳೆದುಬಂದದ್ದು. ಪರಿಹಾರವೆಂಬುದನ್ನು ಕಂಡಾಗಲೆಲ್ಲ, ಇಳಿದ ಹೊರೆ ಯಾರ ಹೆಗಲ ಮೇಲೆ ಇಳಿಯಿತೆಂದು ನೋಡುವುದು ಧರ್ಮಜಿಜ್ಞಾಸೆಯ ಮೊದಲ ಹೆಜ್ಜೆ. ಪೂರ್ಣ ಸಂಬಳ ಕೊಡಲೇಬೇಕೆಂದು ಮಾರ್ಚ್ 29ರಂದು ಗೃಹಮಂತ್ರಾಲಯ ವಿಧಿಸಿದ ಆಜ್ಞೆಯೂ, ಸರಕಾರದ ಋಣವನ್ನು ಬರಿಗೈಯ ಧಣಿಯ ಹೆಗಲಿಗೆ ವರ್ಗಾಯಿಸಿದಂತೆಯೇ ಆಯಿತು. ಮೇ ನಡುವಿನಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ನನ್ನ ಸ್ನೇಹಿತರಿಗೆ ಇವಾವುವೂ ತಲಪಲಿಲ್ಲ. ಭವಿಷ್ಯನಿಧಿಯ ಕಾಯಿದೆ ಇಪ್ಪತ್ತು ಮಂದಿಯಿಂದ ಮೇಲಿನ ಸಂಸ್ಥೆಗಳದು, ಅವರಲ್ಲಿದ್ದವರು ಏಳು. ಘಾಟ್ಕೋಪರ್ ಪೂರ್ವದ ಖಾವೂಗಲ್ಲಿಯಲ್ಲಿ ಗಾಡಿಯ ಮೇಲೆ ಕಾವಲಿಯಿಟ್ಟು ದೋಸೆ ಹುಯ್ಯುವವರಂತಹ ಬೀದಿವ್ಯಾಪಾರಿಗಳಿಗೆ ಜೂನಿನಲ್ಲಿ ಹತ್ತು ಸಾವಿರ ರೂಪಾಯಿಯ ಸ್ವನಿಧಿ ಯೋಜನೆ ಬಂದಿತು, ಸಾಲವಾಗಿ. ನನ್ನ ಸ್ನೇಹಿತರು ಬೀದಿಯವರೂ ಅಲ್ಲ. ಸಣ್ಣ ಉದ್ಯಮಗಳಿಗೆಂದು ಸರಕಾರದ ಖಾತ್ರಿಯ ಮೇಲೆ ಮೂರು ಲಕ್ಷ ಕೋಟಿಯ ಸಾಲದ ಯೋಜನೆ ಬಂದಾಗ, ಅದು ದೊರೆಯುತ್ತಿದ್ದುದು ಮೊದಲೇ ಸಾಲವಿದ್ದವರಿಗೆ, ಇದ್ದ ಬಾಕಿಯ ಐದನೆಯ ಒಂದು ಪಾಲಿನಷ್ಟು. ಇವರೋ, ತಲೆಯ ಮೇಲೆ ಸಾಲವಿಲ್ಲದೆ ಮಲಗಬೇಕೆಂಬ ತಾಯಿಯ ಮಾತನ್ನು ಮೂವತ್ತು ವರ್ಷ ಪಾಲಿಸಿದವರು. ಅವರ ಸದ್ಗುಣವೇ ಅವರಿಗೆ ಅನರ್ಹತೆಯಾಯಿತು. ಇದನ್ನು ಬರೆಯುವಾಗ ಈಗಲೂ ನನ್ನ ಮನಸ್ಸು ಕುದಿಯುತ್ತದೆ.

ಸಾಲವೂ ಋಣವೂ ಕನ್ನಡದಲ್ಲಿ ಒಂದೇ ಎಂದು ನಾವು ಬಳಸುತ್ತೇವೆ, ಒಂದೇ ಅಲ್ಲ. ಸಾಲ ಕೊಟ್ಟವನು ನಿನ್ನ ನಷ್ಟ ನಿನ್ನದೇ, ನಾಳೆ ತೀರಿಸು ಎನ್ನುತ್ತಾನೆ. ಋಣವನ್ನು ಒಪ್ಪಿಕೊಂಡವನು ನಿನ್ನ ನಷ್ಟದಲ್ಲಿ ನನ್ನ ಪಾಲೂ ಇದೆ ಎನ್ನುತ್ತಾನೆ. ಶತಪಥ ಬ್ರಾಹ್ಮಣ ದೇವ, ಋಷಿ, ಪಿತೃಗಳ ಋಣಗಳೊಡನೆ ಮನುಷ್ಯಋಣವೊಂದನ್ನು ಹೇಳಿ, ಮನುಷ್ಯರಿಗೆ ವಸತಿಯನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುವುದೆನ್ನುತ್ತದೆ. ಹೋಟೆಲಿನವನು ಜೀವಮಾನವೆಲ್ಲ ನಡೆಸುವುದೂ ಅದನ್ನೇ, ಬೆಲೆ ತೆಗೆದುಕೊಂಡಾದರೂ. ಆ ವರ್ಷದ ಮೇ 6ರಂದು ಕರ್ನಾಟಕ ಸರಕಾರ ಕ್ಷೌರಿಕರಿಗೂ ಮಡಿವಾಳರಿಗೂ ಆಟೋ, ಟ್ಯಾಕ್ಸಿ ಚಾಲಕರಿಗೂ ಐದೈದು ಸಾವಿರ ರೂಪಾಯಿಗಳನ್ನು ಸಾಲವಾಗಿ ಅಲ್ಲದೆ ಕೊಡುವುದಾಗಿ ಘೋಷಿಸಿದಾಗ, ಮೊತ್ತ ಸಣ್ಣದಾದರೂ ಭಾಷೆ ಸರಿಯಾಗಿದೆಯೆಂದು ನನಗನ್ನಿಸಿತು. ಮಹಾರಾಷ್ಟ್ರವೂ ಮರುವರ್ಷದ ಏಪ್ರಿಲಿನಲ್ಲಿ ರಿಕ್ಷಾದವರಿಗೂ ಬೀದಿವ್ಯಾಪಾರಿಗಳಿಗೂ ಹದಿನೈದುನೂರು ರೂಪಾಯಿಗಳನ್ನು ಘೋಷಿಸಿತು.

ಸಂಘದ ಆ ಚೀಲವನ್ನು ಸ್ನೇಹಿತರು ಬಿಚ್ಚಿದರು. ಅಕ್ಕಿಯನ್ನೂ ಬೇಳೆಯನ್ನೂ ಮಾಳಿಗೆಯ ಹುಡುಗರ ಒಲೆಗೆ ಕಳಿಸಿ, ಎಣ್ಣೆಯ ಡಬ್ಬಿ ತಮ್ಮಲ್ಲಿದೆಯೆಂದು ಅದನ್ನು ಪಕ್ಕದ ಚಾಳಿನ ವಿಧವೆಯೊಬ್ಬರಿಗೆ ಕೊಟ್ಟರು. ಉಷಸ್ತಿಯ ಹೆಸರನ್ನು ಅವರು ಕೇಳಿದವರಲ್ಲ, ನಾನೂ ಹೇಳಿರಲಿಲ್ಲ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಗಡಿ ಮುಚ್ಚಿದಾಗ ಊರಿಗೆ ಹೋಗಲಾರದೆ ಉಳಿದ ಹುಡುಗರಲ್ಲಿ ನಾಲ್ವರು ಮಳೆಗಾಲದಲ್ಲಿ ಹೇಗೋ ಹೊರಟುಹೋದರು.

ಅಕ್ಟೋಬರ್ 5ರಿಂದ ಅರ್ಧ ಆಸನಗಳೊಡನೆ ಹೋಟೆಲು ತೆರೆಯಬಹುದೆಂದು ಅಪ್ಪಣೆಯಾಯಿತು. ಹಿಂದಿನ ಸಂಜೆ ನಾನು ಹೋದಾಗ ಅವರು ಗಲ್ಲಾ ಬಿಟ್ಟು ಒಳಗೆ ಉದ್ದಿನ ಡಬ್ಬಿಯ ಮುಂದೆ ಸೇರು ಹಿಡಿದು ನಿಂತಿದ್ದರು. ಮೊದಲೆಲ್ಲ ಲೆಕ್ಕವಿಡದೆ ಸುರಿಯುತ್ತಿದ್ದ ಕೈ. ಎರಡು ಸೇರು ಅಳೆದರು. ನಿಂತು ಯೋಚಿಸಿ ಮೂರನೆಯದರ ಅರ್ಧ ಹಾಕಿದರು. ಮತ್ತೆ ಒಂದು ಹಿಡಿ. “ಸಾಕಾ, ಮಾಷ್ಟ್ರೇ?” ಎಂದು ನನ್ನತ್ತ ತಿರುಗಿದರು. ನಾನು ಉತ್ತರ ಕೊಡುವುದರೊಳಗೆ ಮಾಳಿಗೆಯಿಂದಿಳಿದ ಹುಡುಗ ಕೊಡವೆತ್ತಿ ಉದ್ದಿನ ಮೇಲೆ ನೀರು ಹುಯ್ದ.