ಕಡಲುಬ್ಬರವೂ ಅರಿವಿನ ಆಚಾರವೂ



ನಮ್ಮಲ್ಲಿ ಬಹುಮಂದಿ ಬಯಲುಸೀಮೆಯವರು. ಜೋಳದ ಹೊಲ, ಕೆರೆಯ ಏರಿ, ಊರ ಮುಂದಿನ ಹಳ್ಳ ಇವೇ ನಾವು ಬಲ್ಲ ನೆಲಜಲಗಳು. ಸಮುದ್ರವೆಂಬುದು ನಮಗೆ ಕಣ್ಣಿಗಿಂತ ಕಿವಿಗೆ ಹೆಚ್ಚು ಪರಿಚಿತವಾದುದು. ಭವಸಾಗರ, ಕರುಣಾಸಾಗರ ಎಂದು ದಿನವೂ ಕೇಳುತ್ತೇವೆ, ಹೇಳುತ್ತೇವೆ. ಉಪಮಾನವನ್ನು ಬಲ್ಲೆವೇ ಹೊರತು ವಸ್ತುವನ್ನು ಬಲ್ಲವರಲ್ಲ. ಇಂದು ಉಪಮಾನವನ್ನು ಬದಿಗಿಟ್ಟು, ನಿಜವಾದ ಉಪ್ಪುನೀರು ನಿಜವಾದ ಊರುಗಳ ಮೇಲೆ ಏರಿಬಂದ ಒಂದು ಸಂಗತಿಯನ್ನು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇನೆ.

1999ನೆಯ ಇಸವಿ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಂದರಿನ ಸಮೀಪದಲ್ಲಿ ಒಂದು ಮಹಾಚಂಡಮಾರುತವು ನೆಲವನ್ನು ಮುಟ್ಟಿತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರುಗಳಷ್ಟಿದ್ದಿತು. ಸರ್ಕಾರದ ಲೆಕ್ಕದಂತೆ ಪ್ರಾಣ ಕಳೆದುಕೊಂಡವರು ಸುಮಾರು 10,000 ಮಂದಿ. ಅವರಲ್ಲಿ 8,000ಕ್ಕೂ ಹೆಚ್ಚು ಜನ ಜಗತ್‌ಸಿಂಗಪುರವೆಂಬ ಒಂದೇ ಜಿಲ್ಲೆಯವರು. ಎರಸಮಾ ಎಂಬ ಕಡಲಂಚಿನ ಭಾಗದಲ್ಲಂತೂ ಸಾವಿಗೆ ಮಿತಿಯೇ ಇರಲಿಲ್ಲ. ಇಷ್ಟು ಜನರನ್ನು ಗಾಳಿ ಕೊಂದಿತೆಂದು ದೂರದಲ್ಲಿರುವ ನಾವು ತಿಳಿಯುತ್ತೇವೆ. ಅಲ್ಲ, ಅವರಲ್ಲಿ ಬಹುಮಂದಿಯನ್ನು ಕೊಂದುದು ನೀರು.

ಅದನ್ನು ಅಲೆಯೆಂದು ಕರೆದರೆ ಸಾಲದು. ಅಲೆ ಬಂದು ಹಿಂದಿರುಗುತ್ತದೆ. ಇಲ್ಲಿಯಾದರೊ ಸಮುದ್ರದ ಮಟ್ಟವೇ ಎದ್ದು ಒಳನಾಡಿಗೆ ನಡೆದುಬರುತ್ತದೆ. ಅಲೆಗಳು ಆ ಎತ್ತರದ ಮೇಲೆ ಇನ್ನೂ ಏಳುತ್ತವೆ. ಚಂಡಮಾರುತದ ನಡುವಿನಲ್ಲಿ ವಾಯುಭಾರವು ಕುಸಿದಿರುವುದರಿಂದ, ಮೇಲಿನ ಒತ್ತಡ ತಗ್ಗಿದಲ್ಲಿ ನೀರು ಉಬ್ಬುತ್ತದೆ. ಆದರೆ ಆ ಉಬ್ಬು ಹೆಚ್ಚೆಂದರೆ ಒಂದು ಮೀಟರಿನಷ್ಟು. ಉಳಿದುದೆಲ್ಲವೂ ಗಾಳಿಯ ನೂಕು. ಕಣದಲ್ಲಿ ಕಾಳಿನ ರಾಶಿಯನ್ನು ಹಲಗೆಯಿಂದ ಗೋಡೆಯ ಕಡೆಗೆ ದಬ್ಬಿ ನೋಡಿರಿ. ಮುಂದೆ ಹೋಗಲು ಎಡೆಯಿಲ್ಲದೆ ಕಾಳು ಗೋಡೆಯನ್ನೇ ಏರತೊಡಗುತ್ತದೆ. ಹಾಗೆಯೇ ಗಾಳಿಯು ಗಂಟೆಗಟ್ಟಲೆ ನೀರನ್ನು ದಂಡೆಗೆ ದಬ್ಬುತ್ತದೆ. ಬಂಗಾಳ ಕೊಲ್ಲಿಯ ಉತ್ತರಭಾಗದಲ್ಲಿ ದಂಡೆಯ ಬಳಿ ಆಳ ಕಡಿಮೆ. ಕೆಳಗೆ ಇಳಿದು ಹಿಂದಕ್ಕೆ ಹರಿಯಲು ಎಡೆಯಿಲ್ಲದ ನೀರು ಮೇಲಕ್ಕೇರುತ್ತದೆ. ನಮ್ಮ ಭಾಗದ ಚಂಡಮಾರುತಗಳಲ್ಲಿ ಗಾಳಿಯು ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಅದು ಸಾಗುವ ದಾರಿಯ ಬಲಗಡೆಯ ಊರುಗಳಿಗೇ ಸಮುದ್ರವು ಮುಖಮಾಡಿ ಬರುತ್ತದೆ. 1999ರಲ್ಲಿ ಹೀಗೆ ಎದ್ದ ನೀರಿನ ಎತ್ತರ 5-6 ಮೀಟರು, ಎಂದರೆ ಮೂರಾಳಿನಷ್ಟು. ಒಂದು ಘನ ಮೀಟರು ನೀರು ಸಾವಿರ ಕಿಲೋಗ್ರಾಂ ತೂಗುತ್ತದೆ. ಮಣ್ಣುಗೋಡೆ, ಹುಲ್ಲಿನ ಮಾಡಿನ ಮನೆ ಅದಕ್ಕೆ ಯಾವ ಲೆಕ್ಕ?

ಒಮ್ಮೆ ಪ್ರವಚನ ಮುಗಿದ ಮೇಲೆ ಹಿರಿಯ ಗೃಹಸ್ಥರೊಬ್ಬರು ನನ್ನನ್ನು ಕೇಳಿದರು: "ಶಾಸ್ತ್ರಿಗಳೆ, ಶಿವನ ಇಚ್ಛೆಯಿಲ್ಲದೆ ಇಷ್ಟು ಜನ ಸಾಯುವುದುಂಟೆ? ಅವರವರ ಕರ್ಮ ಅವರಿಗೆ." ಅವರು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯನ್ನು ನಾವೆಲ್ಲರೂ ಯೋಚಿಸದೆಯೆ ಆಡಿದವರೇ. ಆದರೆ ತಾಯಿಯ ಸೊಂಟದ ಮೇಲಿದ್ದ ಕೂಸು ಮಾಡಿದ್ದೇನು? ಹುಟ್ಟಿನಿಂದ, ಹಿಂದಿನ ಜನ್ಮದಿಂದ ಮನುಷ್ಯನಿಗೆ ಅಂಟಿಸಿದ ಕಳಂಕಗಳನ್ನೆಲ್ಲ ತೊಳೆದವರು ಶರಣರು. ಅವರ ಹೆಸರು ಹೇಳುವ ನಾವು ಹೆಣದ ಮುಂದೆ ನಿಂತು ಕರ್ಮದ ಲೆಕ್ಕವನ್ನು ತೆಗೆಯಬಹುದೆ? ನಾನು ಆ ಹಿರಿಯರಿಗೆ ವಾದದಿಂದ ಉತ್ತರ ಹೇಳಲಿಲ್ಲ. ಇನ್ನೊಂದು ಇಸವಿಯ ಸುದ್ದಿಯನ್ನು ಹೇಳಿದೆನು.

2013ರ ಅಕ್ಟೋಬರ್ 12ರಂದು ಅದೇ ಒಡಿಶಾದ ಗೋಪಾಲಪುರದ ಬಳಿ ಫೈಲಿನ್ ಎಂಬ ಚಂಡಮಾರುತವು ಬಂದಿತು. ಗಂಟೆಗೆ 200 ಕಿಲೋಮೀಟರು ಮೀರಿದ ಗಾಳಿ. ಸಮುದ್ರವು 1999ರಷ್ಟು ಎತ್ತರಕ್ಕೆ ಏಳಲಿಲ್ಲವೆಂಬುದನ್ನು ಮುಚ್ಚಿಡಬಾರದು. ಆದರೂ ಮನೆ, ಮರ, ಬೆಳೆಗಳು ನೆಲಕಚ್ಚಿದವು. ಆ ರಾಜ್ಯದಲ್ಲಿ ಸತ್ತವರ ಸಂಖ್ಯೆ ಮಾತ್ರ ಐವತ್ತನ್ನು ಮುಟ್ಟಲಿಲ್ಲ. ಗಾಳಿ ಬರುವ ಮುನ್ನವೇ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನು ದಂಡೆಯಿಂದ ಕರೆದೊಯ್ದಿದ್ದರು. 2019ರ ಮೇ 3ರಂದು ಪುರಿಯ ಬಳಿ ಫನಿ ಬಂದಾಗ ಹನ್ನೆರಡು ಲಕ್ಷ ಜನ ಹೀಗೆ ಮನೆಬಿಟ್ಟರು. ಒಡಿಶಾದಲ್ಲಿ ಪ್ರಾಣ ಹೋದವರು 64 ಮಂದಿ. ಹಾಗಾದರೆ ಹದಿನಾಲ್ಕು ವರ್ಷಗಳಲ್ಲಿ ಆ ಜನರ ಕರ್ಮವೇ ತೊಳೆದುಹೋಯಿತೆ? ಶಿವನ ಮನಸ್ಸು ಬದಲಾಯಿತೆ? ಬದಲಾದುದು ಮನುಷ್ಯರ ಆಚಾರ.

1999ರಲ್ಲಿಯೂ ಅರಿವು ಇಲ್ಲದಿರಲಿಲ್ಲ. ಹವಾಮಾನದವರು ಎಚ್ಚರಿಕೆ ಕೊಟ್ಟಿದ್ದರು. ಆದರೆ ಹೋಗಿರೆಂದರೆ ಎಲ್ಲಿಗೆ ಹೋಗಬೇಕು? ಆ ಉದ್ದನೆಯ ದಂಡೆಯಲ್ಲೆಲ್ಲ ರೆಡ್ ಕ್ರಾಸಿನವರು ಕಟ್ಟಿಸಿದ್ದ ಇಪ್ಪತ್ತು ಚಿಲ್ಲರೆ ಆಶ್ರಯಗೃಹಗಳಿದ್ದವು. ಅವುಗಳನ್ನು ಹತ್ತಿದ ಸಾವಿರಾರು ಜನ ಉಳಿದರು. ಹತ್ತಲು ಏನೂ ಇಲ್ಲದವರ ಬಳಿ ಎಚ್ಚರಿಕೆಯೊಂದೇ ಇದ್ದಿತು. ಅರಿವು ಆಚಾರಕ್ಕೆ ಇಳಿಯದಿದ್ದರೆ ಅದು ಅರಿವೇ ಅಲ್ಲವೆಂದು ಅನುಭಾವಿಗಳ ಮಾರ್ಗದಲ್ಲಿ ಕೇಳುತ್ತ ಬಂದಿದ್ದೇವೆ. ಅದರ ಅರ್ಥ ಇಷ್ಟು ಕಠಿನವಾಗಿರುವುದೆಂದು ನನಗೆ ಎರಸಮಾದ ಸುದ್ದಿಯನ್ನು ಓದುವ ತನಕ ತಿಳಿದಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿಯೇ ಒಡಿಶಾದವರು ವಿಪತ್ತಿನ ನಿರ್ವಹಣೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಅಲ್ಲಿ 800ಕ್ಕೂ ಹೆಚ್ಚು ಆಶ್ರಯಗೃಹಗಳಿವೆ. ಆ ಕಟ್ಟಡಗಳ ರೀತಿಯೇ ಬೇರೆ. ಕೆಳ ಅಂತಸ್ತಿಗೆ ಗೋಡೆಗಳಿಲ್ಲ, ಕಂಬಗಳು ಮಾತ್ರ. ನೀರು ಬಂದರೆ ತಡೆಯಿಲ್ಲದೆ ಅಡಿಯಲ್ಲಿ ಹರಿದುಹೋಗಲೆಂದು. ಜನ ಮೇಲೆ ಕೂಡುತ್ತಾರೆ. ಕಟ್ಟಡಕ್ಕಿಂತ ನನಗೆ ಹೆಚ್ಚೆನಿಸಿದುದು ಇನ್ನೊಂದು. ಊರ ತರುಣ ತರುಣಿಯರನ್ನು ಸ್ವಯಂಸೇವಕರನ್ನಾಗಿ ತರಬೇತು ಮಾಡಿರುತ್ತಾರೆ. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಮುದುಕರು ನಡೆಯಲಾರರು, ಯಾರಿಗೆ ಕಣ್ಣಿಲ್ಲ ಎಂಬುದೆಲ್ಲ ಅವರಿಗೆ ಮೊದಲೇ ತಿಳಿದಿರಬೇಕು. ಗಾಳಿಯಿಲ್ಲದ ದಿನದಲ್ಲಿ ಅಭ್ಯಾಸಕ್ಕೆಂದು ಊರವರನ್ನು ಕರೆದುಕೊಂಡು ಹೋಗುತ್ತಾರೆ. ಅಡಿಗೆಯ ಪಾತ್ರೆ, ಕುಡಿಯುವ ನೀರು, ಹಗ್ಗ, ದೀಪಗಳ ಹೊಣೆಯನ್ನು ಹಂಚಿಕೊಳ್ಳುತ್ತಾರೆ. ದಾಸೋಹವೆಂದರೆ ಹಸಿದು ಬಂದವರಿಗೆ ಎಡೆಮಾಡುವುದೆಂದಷ್ಟೇ ನಾವು ಬಗೆದಿದ್ದೇವೆ. ಬರಲಾರದವರು ಯಾರೆಂದು ಮೊದಲೇ ತಿಳಿದಿರುವುದು ಯಾವ ದಾಸೋಹಕ್ಕೆ ಕಡಿಮೆ?

ಇಷ್ಟಾದರೂ ಮನೆಬಿಡುವುದು ಸುಲಭವಲ್ಲ. ಕೊಟ್ಟಿಗೆಯಲ್ಲಿ ಹಸು, ಗಡಿಗೆಯಲ್ಲಿ ಅಕ್ಕಿ, ದಂಡೆಯಲ್ಲಿ ಸಾಲಮಾಡಿ ಕೊಂಡ ದೋಣಿ. ಹೋದ ಸಲ ಏನೂ ಆಗಲಿಲ್ಲವಲ್ಲ ಎಂಬ ನೆನಪು ಬೇರೆ. ಹಸುವಿಗಾಗಿ ಹಿಂದುಳಿದವನನ್ನು ಮೂಢನೆನ್ನುವವರು ಒಂದು ದಿನವಾದರೂ ದನ ಕಟ್ಟಿದವರಲ್ಲ. ಕೆಲವು ಕಡೆಗಳಲ್ಲಿ ದನಗಳಿಗೂ ಎತ್ತರದ ದಿಬ್ಬಗಳನ್ನು ಮಾಡಿರುವುದು ಇದನ್ನು ಬಲ್ಲವರ ಕೆಲಸ.

"ಅಂಥಲ್ಲಿ ಮನೆಯನ್ನೇಕೆ ಮಾಡಬೇಕಾಗಿತ್ತು?" ಎಂದು ಕೇಳುವವರುಂಟು. ಅಕ್ಕಮಹಾದೇವಿಯವರ ಒಂದು ವಚನದಲ್ಲಿ ಕಡಲಂಚಿನ ಮನೆಯ ಮಾತು ಬರುವುದನ್ನು ನೀವು ಬಲ್ಲಿರಿ. ಅದನ್ನು ಹಾಡಿ, ಅಲ್ಲಿದ್ದವರು ಅಂಜಬಾರದೆಂದು ತೀರ್ಪು ಕೊಡುವವರನ್ನೂ ನಾನು ಕಂಡಿದ್ದೇನೆ. ಅಕ್ಕನವರು ಆಡಿದುದು ಲೋಕದ ಸ್ತುತಿನಿಂದೆಗಳನ್ನು ಕುರಿತು, ತಮ್ಮ ಮನಸ್ಸಿಗೆ ಹೇಳಿಕೊಂಡಂತೆ. ತನಗೆ ತಾನು ಹೇಳಿಕೊಂಡರೆ ಸಮಾಧಾನವಾಗುವ ಮಾತು, ಮನೆ ಕೊಚ್ಚಿಹೋದವನ ಮುಂದೆ ಹೇಳಿದರೆ ಕಲ್ಲಾಗುತ್ತದೆ. ಮೀನುಗಾರನೂ ಗದ್ದೆಯ ಕೂಲಿಯವನೂ ಅಲ್ಲಿರುವುದು ಅವರ ಕಾಯಕ ಅಲ್ಲಿರುವುದರಿಂದ. ನಾವು ಮಳೆ ಬಾರದ ನೆಲದಲ್ಲಿ ಬಿತ್ತುತ್ತ ಕುಳಿತಿಲ್ಲವೆ?

ಕಾಯಕಕ್ಕೆ ನೆರವಾಗುವ ಕಾಡೊಂದನ್ನೂ ಇಲ್ಲಿ ನೆನೆಯಬೇಕು. ಕರಾವಳಿಯವರು ಕಾಂಡ್ಲಾ ಎನ್ನುವ, ಉಪ್ಪುನೀರಿನಲ್ಲಿ ಬೇರೂರುವ ಮರಗಳವು. ಕೇಂದ್ರಪಾಡಾ ಜಿಲ್ಲೆಯಲ್ಲಿ ಈ ಕಾಡು ಅಗಲವಾಗಿ ಉಳಿದಿದ್ದ ಹಳ್ಳಿಗಳಲ್ಲಿ 1999ರ ಸಾವು ಕಡಿಮೆಯಾಗಿದ್ದಿತೆಂದು ಅನಂತರ ಲೆಕ್ಕಮಾಡಿದವರು ಕಂಡುಕೊಂಡರು. ಕಡಿದವರು ಯಾರೋ, ಮುಳುಗಿದವರು ಯಾರೋ.

ಆ ಹಿರಿಯರು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿಬಂದ ದಿನದ ಮಾತನ್ನೆತ್ತಿದರು. ಅವರ ಓಣಿಯ ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳಿದ್ದುದು ಯಾರಿಗೂ ನೆನಪಾಗಲಿಲ್ಲವಂತೆ. ನೀರು ಹೊಸ್ತಿಲಿಗೆ ಬಂದ ಮೇಲೆ ಇಬ್ಬರು ಹುಡುಗರು ಹೋಗಿ ಬಾಗಿಲನ್ನು ಮುರಿದು ಹೊತ್ತು ತಂದರಂತೆ. "ಆ ಹುಡುಗರು ಯಾರ ಮನೆಯವರೆಂದು ನಾನು ಈತನಕ ಕೇಳಿಲ್ಲ, ಶಾಸ್ತ್ರಿಗಳೆ," ಎಂದು ಹೇಳಿ ಅವರು ರುಮಾಲನ್ನು ಸರಿಮಾಡಿಕೊಂಡು ಎದ್ದರು.