ಹಿತ್ತಿಲಿನ ಋಣ

ನಾಲ್ಕು ಬದನೆಯ ಗಿಡ, ಒಂದು ಅವರೆಯ ಚಪ್ಪರ, ದೇವರ ಪೂಜೆಗೆಂದು ಎರಡು ದಾಸವಾಳ. ಇಷ್ಟೇ ಹಿತ್ತಿಲುಳ್ಳ ಗೃಹಸ್ಥನು ಆ ಗಿಡಗಳಿಗೆ ಏನನ್ನು ಉಣಿಸಬೇಕೆಂಬುದು ಮೇಲುನೋಟಕ್ಕೆ ಕೃಷಿಶಾಸ್ತ್ರದ ಪ್ರಶ್ನೆಯಾಗಿ ತೋರುವುದು. ವಿಚಾರಿಸಿ ನೋಡಿದರೆ ಅದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ. ಸೊಪ್ಪು, ತರಗು, ಹಿಂಡಿ ಮೊದಲಾದ ಸಸ್ಯಜನ್ಯ ಗೊಬ್ಬರವನ್ನು ಹಾಕುವವನು ರಾಸಾಯನಿಕ ಗೊಬ್ಬರವನ್ನು ಹಾಕುವವನಿಗಿಂತ ಮಿಗಿಲಾದ ಕೆಲಸವನ್ನು ಮಾಡಿದಂತಾಯಿತೆ? ಆಯಿತೆಂದರೆ ಯಾವ ಕಾರಣದಿಂದ?

ಮೊದಲು ಪೂರ್ವಪಕ್ಷವನ್ನು ಕೇಳಬೇಕು. ಗಿಡದ ಬೇರು ಗೊಬ್ಬರದ ಕುಲಗೋತ್ರಗಳನ್ನು ವಿಚಾರಿಸುವುದಿಲ್ಲ. ಎಲೆ ಕೊಳೆತು ಬಂದ ಸಾರಜನಕವಾಗಲಿ, ಕಾರ್ಖಾನೆಯ ಚೀಲದಿಂದ ಬಂದ ಸಾರಜನಕವಾಗಲಿ, ಬಹುಮಟ್ಟಿಗೆ ಅಮೋನಿಯಂ, ನೈಟ್ರೇಟುಗಳೆಂಬ ಒಂದೇ ರೂಪದಲ್ಲಿ ಬೇರನ್ನು ಸೇರತಕ್ಕದ್ದು. ಜರ್ಮನಿಯ ಲೀಬಿಗ್ ಪಂಡಿತನು 1840ರಷ್ಟು ಹಿಂದೆಯೇ ಸಸ್ಯಗಳ ಆಹಾರವು ಖನಿಜರೂಪದ್ದೆಂದು ಪ್ರತಿಪಾದಿಸಿದನು. ನೂರು ಪಾಲು ಯೂರಿಯಾದಲ್ಲಿ ಸಾರಜನಕವು 46 ಪಾಲು. ಬೇವಿನ ಹಿಂಡಿಯಲ್ಲಿ ಸುಮಾರು 5, ಹೊಂಗೆಯ ಹಿಂಡಿಯಲ್ಲಿ ಸುಮಾರು 4. ಕೋಟ್ಯಂತರ ಜನರ ಅನ್ನವು ಇಂದು ಕಾರ್ಖಾನೆಯ ಗೊಬ್ಬರವನ್ನು ಅವಲಂಬಿಸಿದೆ. ಹೀಗಿರುವಲ್ಲಿ ಸೊಪ್ಪುಗೊಬ್ಬರವನ್ನು ಪುಣ್ಯವೆಂದು ಕೊಂಡಾಡುವುದು ಬರಿಯ ಮಡಿವಂತಿಕೆಯಲ್ಲವೆ?

ಗಿಡವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಈ ವಾದವನ್ನು ಖಂಡಿಸಲಾಗದು. ಆದರೆ ಉಣ್ಣುವುದು ಗಿಡವೊಂದೇ ಅಲ್ಲ; ಮಣ್ಣೂ ಉಣ್ಣುತ್ತದೆ. ಎರೆಹುಳು, ಬೂಷ್ಟು, ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಅದರೊಳಗೆ ಸಂಸಾರ ಹೂಡಿವೆ. ಅವುಗಳಿಗೆ ಬೇಕಾದುದು ಸತ್ತ ಎಲೆ, ಕಾಂಡ, ಬೇರುಗಳು. ಅವು ತಿಂದು ಬಿಟ್ಟ ಶೇಷದಿಂದಲೇ ಮಣ್ಣು ಕಪ್ಪಾಗಿ, ಸಡಿಲವಾಗಿ, ಮಳೆಯ ನೀರನ್ನು ಹಿಡಿದಿಡುವ ಶಕ್ತಿಯನ್ನು ಪಡೆಯುವುದು. ಚೀಲದ ಗೊಬ್ಬರವು ಗಿಡಕ್ಕೆ ಉಣಿಸಬಲ್ಲದೇ ಹೊರತು ಈ ಸಂಸಾರವನ್ನು ಸಾಕಲಾರದು. ವರ್ಷವರ್ಷವೂ ಕಾಯನ್ನು ಕೊಯ್ದು, ಎಲೆಯನ್ನು ಗುಡಿಸಿ ಸುಟ್ಟು, ಗಿಡದ ಕೂಲಿಯನ್ನು ಮಾತ್ರ ಕೊಟ್ಟು ಮಣ್ಣಿನ ಪಾಲನ್ನು ಕೊಡದಿರುವವನು ಸಾಲಗಾರನಾಗಿಯೇ ಉಳಿಯುವನು.

ಹಾಗಾದರೆ ಸೊಪ್ಪನ್ನು ಹಾಕಿದ ಮಾತ್ರದಿಂದ ಋಣವು ತೀರಿತೆ? ತೀರದು. ಆ ಸೊಪ್ಪು ಎಲ್ಲಿಂದ ಬಂತೆಂಬುದನ್ನೂ ಕೇಳಬೇಕು. ಮಲೆನಾಡಿನ ಅಡಕೆಯ ತೋಟಗಳಿಗೆ ಸೊಪ್ಪಿನ ಬೆಟ್ಟಗಳಿಂದ ಸೊಪ್ಪನ್ನೂ ತರಗನ್ನೂ ತರುವ ಪದ್ಧತಿ ಬಹು ಹಳೆಯದು. ಒಂದು ತೋಟವನ್ನು ಹಸುರಾಗಿಡಲು ಅದರ ಹಲವು ಪಟ್ಟು ವಿಸ್ತಾರವಾದ ಬೆಟ್ಟ ಬೇಕಾಗುತ್ತದೆ. ಮಿತಿಯರಿತು ಕಡಿದ ಕಡೆ ಬೆಟ್ಟವು ಮತ್ತೆ ಚಿಗುರುವುದು. ಮಿತಿಮೀರಿದ ಕಡೆ ಬೋಳಾಗುವುದು. ಪಟ್ಟಣದ ಗೃಹಸ್ಥನು ಬೀದಿಯ ಹೊಂಗೆಯ ಕೊಂಬೆಗಳನ್ನು ತರಿದು ತನ್ನ ಪಾತಿಗೆ ಹೊದಿಸಿದರೂ ನ್ಯಾಯವು ಅದೇ. ಒಂದು ನೆಲದ ಋಣವನ್ನು ಇನ್ನೊಂದು ನೆಲದ ಸೊತ್ತಿನಿಂದ ತೀರಿಸುವುದು ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದಂತೆ.

ಆದಕಾರಣ ಗೊಬ್ಬರದ ಜಾತಿಗಿಂತ ಅದರ ದಾರಿಯೇ ಮುಖ್ಯವಾದುದು. ತರಕಾರಿಯ ಸಿಪ್ಪೆ, ಪೂಜೆಯ ನಿರ್ಮಾಲ್ಯ, ಅಂಗಳದ ತರಗು, ಕಾಯಿ ಮುಗಿದ ಅವರೆಯ ಬಳ್ಳಿ, ಇವು ಹಿತ್ತಿಲಿಗೆ ಸಲ್ಲತಕ್ಕ ಸೊತ್ತು. ಇವನ್ನು ಹಸಿಯದೂ ಒಣಗಿದುದೂ ಬೆರೆಸಿ, ತೇವವಾಗಿಟ್ಟು, ಆಗಾಗ ಮಗುಚುತ್ತಿದ್ದರೆ ಮೂರುನಾಲ್ಕು ತಿಂಗಳಲ್ಲಿ ಗೊಬ್ಬರವಾಗುವುದು. ಇಲ್ಲಿ ಆತುರವು ಸಲ್ಲದು. ಒಣತರಗನ್ನು ಹಾಗೆಯೇ ಬೇರಿನ ಬಳಿ ಹೂತರೆ, ಕೊಳೆಸುವ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ತಾವೇ ಎಳೆದುಕೊಂಡು ಗಿಡವನ್ನು ಕೆಲವು ಕಾಲ ಉಪವಾಸ ಕೆಡಹುವುವು.

ಯಾರಿಂದಲೂ ಕಸಿಯದೆ ಬರುವ ಗೊಬ್ಬರವೂ ಒಂದುಂಟು. ಸೆಣಬು, ಅಲಸಂದೆಗಳಂಥ ಗಿಡಗಳು ತಮ್ಮ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಹೆಲ್‌ರೀಗೆಲ್, ವಿಲ್ಫಾರ್ತ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು 1888ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಖಾಲಿ ಬಿದ್ದ ಪಾತಿಯಲ್ಲಿ ಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಯಾವ ಬೆಟ್ಟವೂ ಬಡವಾಗದು.

ಸೊರಗಿದ ಗಿಡಕ್ಕೆ ಒಮ್ಮೆ ಒಂದು ಚಿಟಿಕೆ ಚೀಲದ ಗೊಬ್ಬರವನ್ನು ಕೊಟ್ಟ ಗೃಹಸ್ಥನು ಪಾಪಿಯಾಗುವುದಿಲ್ಲ. ರೋಗಿಗೆ ಔಷಧವು ದೋಷವಲ್ಲ. ಆದರೆ ಔಷಧವನ್ನೇ ಅನ್ನವೆಂದು ತಿಳಿಯಬಾರದು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಹೊತ್ತೇ ಮನುಷ್ಯನು ಹುಟ್ಟುವನೆಂದು ವೈದಿಕರು ಭಾವಿಸಿದರು. ಹಿರಿಯರಿಗೆ ಸಲ್ಲಬೇಕಾದ ಋಣವನ್ನು ಮಕ್ಕಳ ಮೂಲಕವೇ ಸಲ್ಲಿಸಬೇಕೆಂಬುದು ಅವರ ಎಣಿಕೆ. ಮಣ್ಣಿನ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಇಂದು ಹಿತ್ತಿಲಿಗೆ ಮರಳಿಸಿದ ಎಲೆಯ ಫಲವನ್ನು ಹೆಚ್ಚಾಗಿ ಉಣ್ಣುವವರು ಮುಂದೆ ಆ ಮನೆಯಲ್ಲಿ ವಾಸಿಸುವವರು. ಅವರು ಗುದ್ದಲಿ ಹಾಕಿದಾಗ ಜೀವವುಳ್ಳ ಮಣ್ಣು ಸಿಕ್ಕಬೇಕೆ, ಹೆಂಟೆ ಸಿಕ್ಕಬೇಕೆ ಎಂಬುದನ್ನು ಇಂದು ಕಸವನ್ನು ಎಸೆಯುವ ಕೈಯೇ ನಿರ್ಣಯಿಸುತ್ತಿರುತ್ತದೆ.