ಸಂಜೆ ಐದು ಗಂಟೆಗೆ ಬಂದ ಕೂಲಿಯಾಳುಗಳು



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹಾಸನದ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳನ್ನು ನೀವು ಕಂಡಿದ್ದೀರಿ. ಅವರಲ್ಲಿ ತಲೆ ನರೆತವರು ಎಷ್ಟು ಮಂದಿ? ನಲವತ್ತು ದಾಟಿದ ತಾಯಂದಿರು ಎಲ್ಲಿ ಹೋದರು?

ಅವರನ್ನು ಯಾರೂ ಪತ್ರ ಕೊಟ್ಟು ಕಳಿಸಿರುವುದಿಲ್ಲ. ಕಣ್ಣು ಮಂಜಾಗುತ್ತದೆ, ಸೊಂಟ ಹಿಡಿಯುತ್ತದೆ, ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ ತಪ್ಪುತ್ತದೆ. ಬೈಗುಳ ತಾಳಲಾರದೆ ತಾವೇ ಬಿಡುತ್ತಾರೆ. ಬೇರೆಡೆ ಹೋದರೆ ಮೊದಲ ಪ್ರಶ್ನೆಯೇ, "ನಿಮಗೆ ವಯಸ್ಸೆಷ್ಟಮ್ಮ?" ಗಂಡಸಿನ ವಯಸ್ಸಿಗೆ ಅನುಭವ ಎಂಬ ಹೆಸರು, ಹೆಂಗಸಿನ ವಯಸ್ಸು ಮಾತ್ರ ಕುಂದು.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗದು ಎಂದು ನಿಯಮ ಮಾಡಿತು. ನಲವತ್ತಕ್ಕೇ ಕೆಲಸ ಕಳೆದುಕೊಳ್ಳುವವರು 58ರವರೆಗೆ ಏನುಂಡು ಕಾಯಬೇಕು? ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. 19ರಂದೇ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಹಣ ಉಳಿಯಿತು, ಆದರೆ ವಯಸ್ಸು ಕೇಳಿ ಬಾಗಿಲು ಮುಚ್ಚುವ ಪದ್ಧತಿ ನಿಲ್ಲಲಿಲ್ಲ.

ಸಂತ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯವನ್ನು ಈ ದಿನ ಮನೆಯಲ್ಲಿ ಓದಿ. ದ್ರಾಕ್ಷಿತೋಟದ ಯಜಮಾನ ಸಂಜೆ ಐದು ಗಂಟೆಗೂ ಪೇಟೆಬೀದಿಗೆ ಹೋಗುತ್ತಾನೆ. ಅಲ್ಲಿ ನಿಂತವರು ಸೋಮಾರಿಗಳಲ್ಲ. ಅವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಅಷ್ಟೇ. ಯಜಮಾನ ಅವರನ್ನೂ ಕರೆದ, ಪೂರ್ತಿ ದಿನದ ಕೂಲಿ ಕೊಟ್ಟ. ಏಕೆ? ಅವರ ಮನೆಯ ಹಸಿವು ಒಂದು ಗಂಟೆಯದಲ್ಲ, ಇಡೀ ದಿನದ್ದು.

ಪ್ರಿಯರೇ, ಫ್ಯಾಕ್ಟರಿಯವರನ್ನು ದೂರುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮ ಅಂಗಡಿ, ಶಾಲೆ, ಮನೆಗೆಲಸಕ್ಕೆ ಆಳು ಹುಡುಕುವಾಗ "ಚಿಕ್ಕ ವಯಸ್ಸಿನವರಿದ್ದರೆ ನೋಡಿ" ಎಂದವರು ನಾವೇ ಅಲ್ಲವೇ? ಕೆಲಸ ಬಿಟ್ಟು ಬಂದ ತಾಯಿಯನ್ನು "ಇನ್ನೇನು, ಮನೆಯಲ್ಲಿ ಕೂತಿರು" ಎಂದು ಅಡುಗೆಮನೆಗೆ ದೂಡಿಲ್ಲವೇ?

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಧರ್ಮಕೇಂದ್ರದಲ್ಲಿ ಹೀಗೆ ಕೆಲಸ ಬಿಟ್ಟ ಒಬ್ಬ ತಾಯಿಯ ಮನೆಗೆ ಹೋಗಿ. ಅವರ ಪಿ.ಎಫ್. ಹಣ ಕೈಸೇರಿದೆಯೇ ಎಂದು ವಿಚಾರಿಸಿ; ಓದಿದ ಯುವಕ ಯುವತಿಯರು ಅರ್ಜಿ ತುಂಬಿಕೊಡಲಿ. ಹೊಲಿಗೆ ಬಲ್ಲ ಆ ಕೈಗಳಿಗೆ ಕೆಲಸ ಕೊಡಬಲ್ಲವರು ಕೊಡಲಿ.

ಸಂಜೆಯಾಯಿತೆಂದು ಯಾರನ್ನೂ ಬೀದಿಯಲ್ಲಿ ಬಿಡದ ಪ್ರಭುವೇ, ನಮಗೂ ನಿನ್ನ ಕಣ್ಣು ಕೊಡು. ಆಮೆನ್.